ದೀಪ ಉರಿಯುತ್ತಿತ್ತು, ಹಾಲು ಒಡೆಯಿತು

ಹೊನ್ನಾಳಿ-ನ್ಯಾಮತಿ ಸೀಮೆಯ ಗೋವಿನಕೋವಿಯಂಥ ಊರಿನಲ್ಲಿ ‘ಕರೆಂಟ್ ಇದೆಯೆ?’ ಎಂಬ ಪ್ರಶ್ನೆಗೆ ‘ಇದೆ’, ‘ಇಲ್ಲ’ ಎಂಬ ಎರಡೇ ಉತ್ತರಗಳಲ್ಲ. ‘ಸಿಂಗಲ್ ಫೇಸ್ ಇದೆ, ತ್ರೀಫೇಸ್ ಇಲ್ಲ’ ಎಂಬ ಮೂರನೆಯದೊಂದುಂಟು. ಪಟ್ಟಣವಾಸಿಗಳಿಗೆ ಇದು ಒಗಟಿನಂತೆ ತೋರೀತು. ಅಡಕೆ ತೋಟಕ್ಕೆ ನೀರು ಹಾಯಿಸುವವನಿಗೆ ಮಾತ್ರ ಇದು ದಿನಬಳಕೆಯ ಮಾತು. ಮನೆಯ ದೀಪಕ್ಕೆ ಒಂದು ಫೇಸ್ ಸಾಕು. ದೊಡ್ಡ ಮೋಟಾರು ತಿರುಗಬೇಕಾದರೆ ಮೂರೂ ಬೇಕು.

ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುಚ್ಛಕ್ತಿ ಮೊದಲು ಹೋದದ್ದು ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಜೋಗದ ವಿದ್ಯುದಾಗಾರ 1948ರಲ್ಲಿ ಕೆಲಸಕ್ಕೆ ತೊಡಗಿತು; 1960ರ ದಶಕದಲ್ಲಿ ಶರಾವತಿ ಯೋಜನೆಯೂ ಅದರ ಜೊತೆಗೂಡಿತು. ಶರಾವತಿಯ ನೆರೆಯಲ್ಲೇ ಇರುವ ಹಳ್ಳಿಗಳು ರಾತ್ರಿ ಲಾಟೀನು ಹುಡುಕಿದ ಕಾಲವನ್ನು ನೆನೆದರೆ, ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಗೆ ಬೇರೆ ಉದಾಹರಣೆ ಬೇಡ. ಪಂಪ್‌ಸೆಟ್ಟುಗಳ ಮಾರ್ಗವನ್ನೂ ಊರಿನ ಮನೆಗಳ ಮಾರ್ಗವನ್ನೂ ಬೇರ್ಪಡಿಸಿದ ‘ನಿರಂತರ ಜ್ಯೋತಿ’ ಯೋಜನೆ ಬಂದ ಮೇಲೆ ತಾಪತ್ರಯ ಬಹುಮಟ್ಟಿಗೆ ತಗ್ಗಿತೆನ್ನಬೇಕು. ಆದರೆ ಭರಣಿ ಮಳೆಯ ಗಾಳಿಗೆ ಒಂದು ಫ್ಯೂಸ್ ಹಾರಿತೆಂದರೆ ಪುನಃ ಅದೇ ಕಥೆ.

ಅಂಥ ಊರೊಂದರ ಹಾಲಿನ ಸಂಘದಲ್ಲಿ ನಡೆಯಬಹುದಾದ ಪ್ರಸಂಗವನ್ನು ವಾಚಕರು ಊಹಿಸಿಕೊಳ್ಳಲಿ. ಸಂಜೆಯ ಹಾಲು ಐನೂರು ಲೀಟರು ಸೇರಿದೆ. ಕರೆದ ಹಾಲು ಹಸುವಿನ ಮೈಬಿಸಿಯಲ್ಲೇ ಬಂದಿರುತ್ತದೆ. ಅದನ್ನು ಮೂರು ನಾಲ್ಕು ಗಂಟೆಯೊಳಗಾಗಿ 4 ಡಿಗ್ರಿ ಸೆಂಟಿಗ್ರೇಡಿಗೆ ಇಳಿಸಬೇಕು, ಇಲ್ಲವಾದರೆ ಅದರೊಳಗಿನ ಸೂಕ್ಷ್ಮಜೀವಿಗಳು ಗಂಟೆಗಂಟೆಗೂ ಇಮ್ಮಡಿ ನಾಲ್ಮಡಿಯಾಗುತ್ತ ಹೋಗುತ್ತವೆ. ಅದಕ್ಕಾಗಿ ತಂಪುಗೊಳಿಸುವ ತೊಟ್ಟಿಯಿದೆ. ಕರೆಂಟ್ ಹೋದರೆ ತಾನಾಗಿಯೇ ಚಾಲೂ ಆಗುವ ಹೊಸ ಜನರೇಟರೂ ಇದೆ. ಏಳು ಗಂಟೆಗೆ ಗುಡುಗು, ಗಾಳಿ. ದೀಪ ಒಮ್ಮೆ ಮಿಣುಕಿ ಪುನಃ ನೆಟ್ಟಗೆ ಉರಿಯಿತು. ಕಾರ್ಯದರ್ಶಿ ಅದನ್ನು ನೋಡಿ ಸಮಾಧಾನದಿಂದ ಬೀಗ ಹಾಕಿಕೊಂಡು ಮನೆಗೆ ಹೋದ. ಬೆಳಿಗ್ಗೆ ಪರೀಕ್ಷೆಗೆಂದು ಕುದಿಸಿದ ಹಾಲು ಒಡೆಯಿತು. ಟ್ಯಾಂಕರಿನವನು ಬರಿಗೈಯಲ್ಲಿ ಹಿಂದಿರುಗಿದ. ಎರಡು ಎಮ್ಮೆ ಕಟ್ಟಿಕೊಂಡು ಮೊಮ್ಮಕ್ಕಳ ಶಾಲೆಯ ಖರ್ಚು ನಿಭಾಯಿಸುವ ಮುದುಕಿಯೊಬ್ಬಳು ಬಾಗಿಲಲ್ಲಿ ನಿಂತು ಕೇಳಿದಳು: ‘ರಾತ್ರಿಯೆಲ್ಲಾ ದೀಪ ಉರೀತಿತ್ತಲ್ಲ ತಮ್ಮಾ, ಮತ್ತೆ ಹಾಲು ಹೆಂಗೆ ಒಡೀತು?’

ಅವಳ ಪ್ರಶ್ನೆಯಲ್ಲಿಯೇ ಉತ್ತರವಿದೆ. ಯಂತ್ರವೂ ದೀಪವನ್ನೇ ನೋಡುತ್ತ ಕುಳಿತಿತ್ತು!

ಜನರೇಟರಿನ ಸ್ವಯಂಚಾಲಿತ ನಿಯಂತ್ರಕವೆಂಬುದು ಗೋಡೆಯ ಮೇಲಿನ ಪೆಟ್ಟಿಗೆಯೊಳಗೆ ಕುಳಿತ ಕಾವಲುಗಾರ. ಲೈನಿನಲ್ಲಿ ವೋಲ್ಟೇಜು ಇದೆಯೆ ಎಂದು ಅದು ಎಡೆಬಿಡದೆ ನೋಡುತ್ತಿರುತ್ತದೆ. ಹೋಯಿತೆಂದು ಕಂಡರೆ ಕೆಲವು ಸೆಕೆಂಡು ಕಾದು, ಎಂಜಿನ್ನಿಗೆ ಸ್ಟಾರ್ಟರು ಕೊಡುತ್ತದೆ. ಹತ್ತದಿದ್ದರೆ ಬ್ಯಾಟರಿಗೆ ಸ್ವಲ್ಪ ವಿಶ್ರಾಂತಿ ಕೊಟ್ಟು ಪುನಃ ಯತ್ನಿಸುತ್ತದೆ. ಸಾಮಾನ್ಯವಾಗಿ ಮೂರು ಸಲ. ಮೂರನೆಯದೂ ವಿಫಲವಾದರೆ ಗಂಟೆ ಬಾರಿಸಿ ಸುಮ್ಮನಾಗುತ್ತದೆ. ಎಂಜಿನ್ ಎದ್ದು ನಿಮಿಷಕ್ಕೆ 1,500 ಸುತ್ತಿನ ವೇಗಕ್ಕೆ ಬಂದು, ವೋಲ್ಟೇಜು ಸ್ಥಿರವಾದ ಬಳಿಕವೇ ಭಾರವನ್ನು ಅದರ ಮೇಲೆ ಹೊರಿಸುತ್ತದೆ. ಆಯಿಲ್ ಒತ್ತಡ ಕುಸಿದರೆ, ಮೈ ಅತಿಯಾಗಿ ಕಾದರೆ ಎಂಜಿನ್ನನ್ನು ನಿಲ್ಲಿಸಿಬಿಡುವುದೂ ಅದರ ಹೊಣೆ.

ಇಷ್ಟೆಲ್ಲ ಬುದ್ಧಿಯಿದ್ದರೂ, ಅದಕ್ಕೆ ಕಣ್ಣು ಎಷ್ಟು ಕೊಟ್ಟಿದ್ದಾರೆಂಬುದು ಮುಖ್ಯ. ತಂತಿ ಉಳಿಯಲೆಂದೋ, ಬೇಗ ಕೆಲಸ ಮುಗಿಯಲೆಂದೋ, ಕೂಡಿಸಲು ಬಂದವನು ಮೂರು ಫೇಸುಗಳ ಬದಲು ಒಂದನ್ನೇ ಅದಕ್ಕೆ ಜೋಡಿಸಿ ಹೋದನೆನ್ನಿ. ಆ ಒಂದು ಫೇಸ್ ಜೀವಂತವಾಗಿರುವ ತನಕ ನಿಯಂತ್ರಕದ ಪಾಲಿಗೆ ಲೋಕವೆಲ್ಲ ಕ್ಷೇಮ. ಮಿಕ್ಕ ಎರಡರಲ್ಲಿ ಒಂದು ಸತ್ತು ತೊಟ್ಟಿಯ ಮೋಟಾರು ನಿಂತರೂ ಅದಕ್ಕೆ ಗೊತ್ತಾಗದು. ಮೂರಕ್ಕೂ ತಂತಿ ಎಳೆದರೂ ಇನ್ನೊಂದು ಮೋಸವುಂಟು: ಮೋಟಾರು ತಿರುಗುತ್ತಿರುವಾಗ ಒಂದು ಫೇಸ್ ಹೋದರೆ, ಆ ಮೋಟಾರೇ ಸತ್ತ ತಂತಿಯಲ್ಲಿ ವೋಲ್ಟೇಜು ಹುಟ್ಟಿಸಿ ಬದುಕಿರುವಂತೆ ತೋರಿಸುತ್ತದೆ, ತಾನು ಮಾತ್ರ ಒಳಗೊಳಗೇ ಕಾದು ಸುಡುತ್ತದೆ. ಆದ್ದರಿಂದ ವೋಲ್ಟೇಜಿನ ಕೆಳಮಿತಿ, ಮೇಲ್ಮಿತಿಗಳ ಜೊತೆಗೆ ಮೂರು ಫೇಸುಗಳ ನಡುವಣ ಅಸಮತೆಯ ಮಿತಿಯನ್ನೂ ನಿಯಂತ್ರಕದಲ್ಲಿ ಗೊತ್ತುಮಾಡಬೇಕು. ಕಾರ್ಖಾನೆಯಿಂದ ಬಂದ ಅಂಕಿಗಳನ್ನು ಹಾಗೆಯೇ ಬಿಡುವುದು ಪರರ ಅಳತೆಗೆ ಹೊಲಿದ ಅಂಗಿಯನ್ನು ತೊಟ್ಟಂತೆ.

ಸಮಯದ ಅಂಕಿಗಳೂ ಅಷ್ಟೇ. ಗಾಳಿಮಳೆಯ ದಿನ ಕರೆಂಟ್ ಹೋಗಿ ಬರುವುದು ಕಣ್ಣುಮುಚ್ಚಾಲೆಯಾಟ. ಎಂಜಿನ್ ತಕ್ಷಣ ಏಳುವಂತೆ ಇಟ್ಟರೆ ಸಂಜೆಗೆ ಇಪ್ಪತ್ತು ಸಲ ಎದ್ದು ಬ್ಯಾಟರಿ ಬರಿದಾದೀತು. ಕರೆಂಟ್ ಬಂದೊಡನೆ ಭಾರವನ್ನು ಹಿಂದಿರುಗಿಸಿದರೆ ತಂಪು ಮಾಡುವ ಕಂಪ್ರೆಸರಿಗೆ ಕುತ್ತು. ನಿಂತ ಕಂಪ್ರೆಸರಿಗೆ ಕೆಲವು ನಿಮಿಷಗಳ ಬಿಡುವಿಲ್ಲದೆ ಪುನಃ ಚಾಲನೆ ಕೊಡಬಾರದು. ಆದುದರಿಂದ ಹೋದಾಗ ಹತ್ತು ಸೆಕೆಂಡು ಸೈರಣೆ, ಬಂದಾಗ ಎರಡು ಮೂರು ನಿಮಿಷ ಸಂಶಯ ಇದ್ದರೆ ಒಳ್ಳೆಯದು. ಬಳಿಕ ಎಂಜಿನ್ ಭಾರವಿಲ್ಲದೆ ನಾಲ್ಕಾರು ನಿಮಿಷ ಓಡಿ ಮೈ ತಣಿಸಿಕೊಂಡು ನಿಲ್ಲಬೇಕು.

ಹಾಲು ಕೆಟ್ಟರೆ ಒಂದು ದಿನದ ನಷ್ಟ. ಆದರೆ ಇದೇ ಪೆಟ್ಟಿಗೆಯಲ್ಲಿ ಮನುಷ್ಯನ ಪ್ರಾಣದ ಪ್ರಶ್ನೆಯೂ ಅಡಗಿದೆ. ಜನರೇಟರಿನ ಕರೆಂಟೂ ಲೈನಿನ ಕರೆಂಟೂ ಎಂದಿಗೂ ಒಂದಾಗಕೂಡದು. ಒಂದಾದರೆ ಜನರೇಟರಿನ 415 ವೋಲ್ಟು ಹಿಮ್ಮುಖವಾಗಿ ಊರಿನ ಟ್ರಾನ್ಸ್‌ಫಾರ್ಮರಿಗೆ ಹರಿಯುತ್ತದೆ. ಟ್ರಾನ್ಸ್‌ಫಾರ್ಮರಿಗೆ ಹಿಂದು ಮುಂದಿನ ಭೇದವಿಲ್ಲ. ಅದು ಆಚೆ ಬದಿಯ ತಂತಿಯಲ್ಲಿ 11,000 ವೋಲ್ಟು ಎಬ್ಬಿಸಬಲ್ಲುದು. ಆ ಹೊತ್ತಿಗೆ ಮಳೆಯಲ್ಲಿ ನೆನೆಯುತ್ತ, ಲೈನು ಸತ್ತಿದೆಯೆಂದು ನಂಬಿ ಕಂಬ ಹತ್ತಿದ ಲೈನ್‌ಮನ್ ಯಾರ ಮನೆಯ ಮಗನೋ. ಆದುದರಿಂದ ಎರಡು ಕಾಂಟ್ಯಾಕ್ಟರುಗಳ ನಡುವೆ ವಿದ್ಯುತ್ತಿನ ಬೀಗವಷ್ಟೇ ಸಾಲದು, ಒಂದು ಕೂಡಿದರೆ ಇನ್ನೊಂದು ಕೂಡಲಾಗದಂತೆ ಕಬ್ಬಿಣದ ಅಡ್ಡಗೋಲೂ ಇರಬೇಕು. ನ್ಯೂಟ್ರಲ್ ತಂತಿಯನ್ನೂ ಸೇರಿಸಿ ನಾಲ್ಕು ತಂತಿಗಳನ್ನು ಬದಲಿಸುವ ಸ್ವಿಚ್ಚು ಉತ್ತಮ. ಹಣ ಉಳಿಸುವುದಕ್ಕೆ ಬೇರೆ ಎಷ್ಟೋ ಸ್ಥಳಗಳಿವೆ, ಇಲ್ಲಿ ಬೇಡ. ಲೈಸೆನ್ಸ್ ಪಡೆದ ಕಂಟ್ರಾಕ್ಟರಲ್ಲದೆ ಮತ್ತೊಬ್ಬನ ಕೈ ಈ ಪೆಟ್ಟಿಗೆಗೆ ತಾಗಬಾರದು.

ಇನ್ನು ದಿನನಿತ್ಯದ ಉಪಚಾರ. ಬೇಕಾದಾಗ ಏಳದ ಜನರೇಟರುಗಳಲ್ಲಿ ಹೆಚ್ಚಿನವಕ್ಕೆ ಬ್ಯಾಟರಿಯೇ ರೋಗ. ಲೈನಿನ ಕರೆಂಟಿನಿಂದ ಅದಕ್ಕೆ ಸದಾ ಸಣ್ಣಗೆ ಚಾರ್ಜು ಕೊಡುವ ಏರ್ಪಾಡಿರಬೇಕು. ತುದಿಗಳಲ್ಲಿ ಹಸಿರು ಕಿಲುಬು ಕಟ್ಟದಂತೆ ಒರೆಸಿ, ಗ್ರೀಸ್ ಸವರಬೇಕು. ವಾರಕ್ಕೊಮ್ಮೆ ಎಂಜಿನ್ನನ್ನು ಓಡಿಸಬೇಕು, ಅದೂ ಭಾರವನ್ನು ಹೊರಿಸಿ. ಸುಮ್ಮನೆ ಬಹುಕಾಲ ಓಡಿಸಿದರೆ ಹೊಗೆಯ ಕರಿ ಒಳಗೇ ಕಟ್ಟಿಕೊಳ್ಳುತ್ತದೆ. ಹೊಗೆಯ ಕೊಳವೆ ಕೋಣೆಯ ಹೊರಗೆ, ಕಿಟಕಿಗಳಿಂದ ದೂರಕ್ಕೆ ಹೋಗಬೇಕು. ಆ ಹೊಗೆಯಲ್ಲಿ ವಾಸನೆಯಿಲ್ಲದ ವಿಷಾನಿಲವೂ ಇರುತ್ತದೆ. ಸರ್ವಿಸಿಗೆ ಬಂದ ಮೆಕ್ಯಾನಿಕ್ಕು ಚಹಾ ಕುಡಿದು ಹೊರಟ ಮೇಲೆ ಸ್ವಿಚ್ಚು ‘ಆಟೋ’ದಲ್ಲಿದೆಯೆ ಎಂದು ನೋಡದೆ ಬಾಗಿಲು ಹಾಕಬಾರದು. ಅದನ್ನು ‘ಆಫ್’ನಲ್ಲೇ ಬಿಟ್ಟು ಹೋಗುವುದು ಆ ಕಸುಬಿನವರ ಹಳೆಯ ಮರೆವು. ಇದಕ್ಕೆ ವಿರುದ್ಧವಾದ ಅಪಾಯವೂ ಇಲ್ಲದಿಲ್ಲ: ‘ಆಟೋ’ದಲ್ಲಿರುವ ಯಂತ್ರ ಹೇಳದೆ ಕೇಳದೆ ಎದ್ದುಬಿಡುತ್ತದೆ. ಫ್ಯಾನ್ ಬೆಲ್ಟಿನ ಬಳಿ ಕೈ ಹಾಕುವವನು ಮೊದಲು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಬೇಕು.

ಮುದುಕಿಯ ಪ್ರಶ್ನೆಗೆ ಕಾರ್ಯದರ್ಶಿ ಕೊಡಬಹುದಾದ ಉತ್ತರ ಒಂದೇ. ಮಳೆಗಾಲಕ್ಕೆ ಮುಂಚೆ ಒಂದು ಹಗಲು, ತಿಳಿದ ಎಲೆಕ್ಟ್ರಿಷಿಯನ್ನನ್ನು ಕರೆಸಿ, ಮುಖ್ಯ ಸ್ವಿಚ್ಚು ಆರಿಸಿ ಒಂದು ಫೇಸಿನ ಫ್ಯೂಸ್ ತೆಗೆದು, ಸ್ವಿಚ್ಚನ್ನು ಪುನಃ ಹಾಕಿಸುವುದು. ದೀಪ ಉರಿಯುತ್ತಿದ್ದರೂ ಸರಿಯೆ, ಜನರೇಟರು ಏಳಬೇಕು. ಆ ಫ್ಯೂಸನ್ನು ಹಾಗೆಯೇ ಕ್ರಮವಾಗಿ ಹಿಂದಕ್ಕೆ ಹಾಕಿಸಿ ಎರಡನೆಯದು, ಅನಂತರ ಮೂರನೆಯದು. ಮೂರು ಸಲವೂ ಎಂಜಿನ್ ಎದ್ದು ತೊಟ್ಟಿಯ ಮೋಟಾರು ತಿರುಗಿದರೆ, ಆ ಸಂಜೆಯ ಹಾಲನ್ನು ಅಳೆದು ಸುರಿಯಬಹುದು.