ನೃತ್ಯಚಿತ್ರವೂ ನೆಲದ ಅಪ್ಪಣೆಯೂ

ರಂಗಮಂದಿರವನ್ನು ಬಿಟ್ಟು ಹೊರಬಂದು, ಹೊಳೆ, ಗದ್ದೆ, ಗುಡಿಯಂಗಳಗಳಲ್ಲಿಯೇ ನರ್ತಿಸಿ, ಆ ನೃತ್ಯವನ್ನು ಚಲನಚಿತ್ರವಾಗಿ ಹಿಡಿಯುವ ಪದ್ಧತಿಯು ಈಚಿನ ವರ್ಷಗಳಲ್ಲಿ ಬೆಳೆಯುತ್ತಿದೆ. ಇದಕ್ಕೆ ಸ್ಥಳನಿಷ್ಠ ನೃತ್ಯಚಿತ್ರವೆಂದು ಹೆಸರಿಡಬಹುದು. ನೃತ್ಯವೇ ವಸ್ತುವಾದ ಚಿತ್ರವು ಭಾರತಕ್ಕೆ ಹೊಸದಲ್ಲ. ಉದಯಶಂಕರರ ‘ಕಲ್ಪನಾ’ 1948ರಲ್ಲಿಯೇ ತೆರೆಕಂಡಿತು. ಆದರೆ ಅದು ಮದರಾಸಿನ ಜೆಮಿನಿ ಸ್ಟುಡಿಯೋದಲ್ಲಿ ಕಟ್ಟಿದ ಲೋಕ. ಈಗಿನವರು ಬಯಸುವುದು ಜನರು ಬಾಳುತ್ತಿರುವ ನೆಲವನ್ನು. ಇಂಥವರ ಕಣ್ಣು ತುಳುನಾಡಿನ ಭೂತಕೋಲದ ಮೇಲೆ ಬೀಳುವುದು ಸಹಜವೇ. ಅರದಲದ ಹಳದಿ ಬಣ್ಣ, ಎಳೆಯ ತೆಂಗಿನಗರಿಯ ಉಡಿಗೆ, ಬೆನ್ನಿಗೆ ಕಟ್ಟಿದ ಅಣಿ, ಗಗ್ಗರದ ಧ್ವನಿ, ಇವುಗಳಿಗೆ ಮರುಳಾಗದ ಕಲಾವಿದನಾರು? ಮರುಳಾಗುವುದರಲ್ಲಿ ದೋಷವಿಲ್ಲ. ಯೋಜನೆಯನ್ನೆಲ್ಲ ಪಟ್ಟಣದಲ್ಲಿ ಬರೆದು ಮುಗಿಸಿ, ಕಡೆಯ ಗಳಿಗೆಯಲ್ಲಿ ಊರವರ ಸಹಿಯನ್ನು ಬೇಡುವುದರಲ್ಲಿ ದೋಷವಿದೆ.

ಹಂಪೆಯ ಸಂರಕ್ಷಿತ ಮಂಟಪವೊಂದರಲ್ಲಿ ಚಿತ್ರ ತೆಗೆಯಬೇಕಾದರೆ 1958ರ ಪ್ರಾಚೀನ ಸ್ಮಾರಕಗಳ ಶಾಸನಕ್ಕೂ 1959ರ ನಿಯಮಗಳಿಗೂ ಅನುಸಾರವಾಗಿ ಪುರಾತತ್ತ್ವ ಇಲಾಖೆಯ ಪರವಾನಗಿ ಬೇಕು. ಕಲ್ಲಿಗೆ ಇಷ್ಟು ಕಾವಲು! ಹಾಡುವ ಕೊರಳಿಗೂ ಕುಣಿಯುವ ಕಾಲಿಗೂ ಆ ಶಾಸನದ ರಕ್ಷೆಯಿಲ್ಲ. ಅಮೂರ್ತ ಪರಂಪರೆಯ ರಕ್ಷಣೆಗಾಗಿ ಯುನೆಸ್ಕೋ ಸಂಸ್ಥೆಯು 2003ರಲ್ಲಿ ಒಡಂಬಡಿಕೆಯೊಂದನ್ನು ಮಾಡಿತು. ಭಾರತವು 2005ರಲ್ಲಿ ಅದಕ್ಕೆ ಸೇರಿತು. ಯಾವುದನ್ನು ಸಮುದಾಯವೇ ತನ್ನ ಪರಂಪರೆಯೆಂದು ಗುರುತಿಸುವುದೋ ಅದೇ ಪರಂಪರೆ, ಅದರೊಡನೆ ಕೂಡಿದ ಸ್ಥಳವೂ ಉಪಕರಣವೂ ಅದರ ಅಂಗಗಳೇ, ಎಂಬುದು ಆ ಒಡಂಬಡಿಕೆಯ ಅಭಿಪ್ರಾಯ. 2015ರಲ್ಲಿ ಅಂಗೀಕೃತವಾದ ಹನ್ನೆರಡು ನೀತಿತತ್ತ್ವಗಳು ಸ್ವತಂತ್ರವಾದ, ಮುಂಚಿತವಾದ, ತಿಳಿದು ಕೊಟ್ಟ ಸಮ್ಮತಿಯನ್ನು ಬೇಡುತ್ತವೆ. ‘ಮುಂಚಿತ’ ಎಂಬ ಒಂದು ಶಬ್ದದ ಅರ್ಥವನ್ನು ಯೋಜಕರು ಅರಿತರೆ ಮುಕ್ಕಾಲು ಪಾಲು ವಿವಾದವು ತಾನಾಗಿ ಅಡಗುವುದು.

ಕೋಲಕ್ಕೆ ಕಾಲನಿಯಮವಿದೆ. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24ರ ಸುಮಾರಿಗೆ, ಪತ್ತನಾಜೆಯು ಬಂದಿತೆಂದರೆ ಕೋಲನೇಮಗಳು ನಿಲ್ಲುವುವು. ಯಕ್ಷಗಾನದ ಮೇಳಗಳೂ ಗೆಜ್ಜೆ ಬಿಚ್ಚುವುವು. ಮಳೆಗಾಲದ ಹಸುರು ಚಿತ್ರಕ್ಕೆ ಚೆನ್ನೆಂದು ಆಷಾಢದಲ್ಲಿ ಗಗ್ಗರ ಕಟ್ಟಬೇಕೆನ್ನುವವನು ಊರಿನ ಪಂಚಾಂಗವನ್ನೇ ಹರಿದೆಸೆದಂತೆ. ಕೋಲಕ್ಕೆ ಅಧಿಕಾರನಿಯಮವೂ ಇದೆ. ಪಂಬದ, ಪರವ, ನಲಿಕೆ ಮೊದಲಾದ ಸಮುದಾಯಗಳವರು ಎಣ್ಣೆಬೂಳ್ಯವನ್ನು ಪಡೆದ ಬಳಿಕವೇ ವೇಷಕ್ಕೆ ಅರ್ಹರಾಗುವರು. ರಾತ್ರಿ ಅವರ ಬಾಯಿಂದ ಬಂದ ದೈವದ ನುಡಿಗೆ ಗುತ್ತಿನ ಯಜಮಾನನೂ ಕೈಮುಗಿದು ನಿಲ್ಲುವನು. ಬೆಳಗಾದೊಡನೆ ಅವರನ್ನೇ ಹೊಸ್ತಿಲ ಹೊರಗೆ ನಿಲ್ಲಿಸಿದ ಸಮಾಜವೂ ಇದೇ. ಈಗ ಮೂರು ದಿನಗಳಲ್ಲಿ ಅವರ ನಡೆಯನ್ನು ಕಲಿತು, ಅವರ ಹೆಸರನ್ನು ಬಿಟ್ಟು, ಚಿತ್ರದಲ್ಲಿ ತಾನೇ ಕುಣಿಯುವ ನರ್ತಕನು ಆ ಹಳೆಯ ಅನ್ಯಾಯಕ್ಕೆ ಹೊಸದೊಂದನ್ನು ಕೂಡಿಸುತ್ತಾನೆ. ತೆಂಬರೆಯನ್ನು ಬಾರಿಸುತ್ತ ಪಾಡ್ದನ ಹಾಡುವ ಆ ಮನೆಯ ಹೆಣ್ಣುಮಗಳ ಗತಿಯೇನು? ಅವಳ ಕೊರಳನ್ನು ಅಳಿಸಿ ಪಟ್ಟಣದ ವಾದ್ಯಗಳನ್ನು ತುಂಬಿದರೆ ಪರಂಪರೆಯು ಉಳಿಯಿತೆನ್ನಬಹುದೆ?

2022ರಲ್ಲಿ ‘ಕಾಂತಾರ’ ಚಿತ್ರವು ಬಂದ ತರುವಾಯ ದೈವದ ವೇಷವನ್ನು ಬೀದಿಯಲ್ಲಿಯೂ ವೇದಿಕೆಯಲ್ಲಿಯೂ ಅನುಕರಿಸುವವರು ಹೆಚ್ಚಿದರು. ದೈವಾರಾಧಕರು ಇದನ್ನು ಬಹಿರಂಗವಾಗಿ ಆಕ್ಷೇಪಿಸಿದರು. ಒಮ್ಮೆ ತೆರೆಯ ಮೇಲೆ ಬಂದುದು ಊರಿನ ಹತೋಟಿಗೆ ಮರಳಿ ಬಾರದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಪೂರ್ವಪಕ್ಷದವರು ಕಲೆಗೆ ಬೇಲಿಯುಂಟೆ ಎಂದು ಕೇಳುವರು. ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯವೇ ಇದಕ್ಕೆ ಉತ್ತರ: ರಂಗದೇವತೆಗಳನ್ನು ಪೂಜಿಸದೆ ಪ್ರಯೋಗ ಮಾಡಿದವನ ವಿದ್ಯೆಯು ನಿಷ್ಫಲವೆಂದು ಅಲ್ಲಿ ಹೇಳಿದೆ. ತಾನೇ ಕಟ್ಟಿದ ರಂಗಕ್ಕೆ ಇಷ್ಟು ವಿಧಿಯಿದ್ದ ಮೇಲೆ ಪರರು ತಲೆಮಾರುಗಳಿಂದ ಪೂಜಿಸಿದ ಅಂಗಳಕ್ಕೆ ವಿಧಿಯಿಲ್ಲವೆ? ಚಿತ್ರದಿಂದ ಕಲೆಯು ಉಳಿಯುವುದೆಂದು ಮತ್ತೊಂದು ವಾದ. ಉಳಿಯುವುದು ಆಕಾರ ಮಾತ್ರ; ಮುಂದಿನ ತಲೆಯ ಹುಡುಗನು ಮಾನದಿಂದ ಗಗ್ಗರವನ್ನು ಕೈಗೆತ್ತಿಕೊಂಡರೆ ಕಲೆಯು ಉಳಿಯುವುದು. ಹಣ ಕೊಟ್ಟಿದೆಯೆಂಬ ಸಮರ್ಥನೆಯೂ ನಿಲ್ಲದು. ದಿನಗೂಲಿಯಿಂದ ದೇಹದ ಶ್ರಮಕ್ಕೆ ಬೆಲೆ ಸಂದೀತು, ಪಾಡ್ದನಕ್ಕೆ ಸಲ್ಲದು. ಯಾರನ್ನು ಕೇಳುವುದು, ಊರಲ್ಲಿ ಒಮ್ಮತವಿಲ್ಲವಲ್ಲ, ಎಂಬ ಕಡೆಯ ಆಕ್ಷೇಪವು ಮಾತ್ರ ವಿಚಾರಾರ್ಹವಾದುದು. ಗುತ್ತಿನ ಮನೆಯವರು ತಲೆಯಾಡಿಸಿದರೆ ಸಾಲದು. ವೇಷ ಕಟ್ಟುವವನ ಮನೆಯಲ್ಲಿಯೂ ಹಾಡುವವಳ ಬಳಿಯಲ್ಲಿಯೂ ಕೇಳಬೇಕು. ಇವರಲ್ಲಿ ಒಬ್ಬರು ಬೇಡವೆಂದರೂ ಆ ಭಾಗವನ್ನು ಕೈಬಿಡತಕ್ಕದ್ದು.

ಆದಕಾರಣ ಇಂಥ ಚಿತ್ರದ ಯೋಜನೆಯು ಕಥೆಯಿಂದ ಆರಂಭವಾಗದೆ ಊರಿನ ಚಾವಡಿಯಿಂದ ಆರಂಭವಾಗಬೇಕು. ಏನನ್ನು ತೆಗೆಯಕೂಡದೆಂಬುದು ಮೊದಲ ಪುಟದಲ್ಲಿ ಬರೆದಿರಬೇಕು. ಚಿತ್ರವು ಲೋಕಕ್ಕೆ ಹೋಗುವ ಮುನ್ನ ಊರವರು ಅದನ್ನು ನೋಡಬೇಕು. ಆಗಲೂ ಬೇಡವೆನ್ನುವ ಹಕ್ಕು ಅವರಿಗಿರಬೇಕು. ಹೆಸರಿನಲ್ಲಿಯೂ ಆದಾಯದಲ್ಲಿಯೂ ಅವರಿಗೆ ಪಾಲಿರಬೇಕು. ದೈವವನ್ನೇ ಕುಣಿಸಬೇಕೆಂಬ ಹಟವನ್ನು ಬಿಟ್ಟರೆ ನರ್ತಕನಿಗೆ ವಸ್ತುವಿನ ಬಡತನವೇನೂ ಇಲ್ಲ. ನೇಜಿ ನೆಡುವ ಹೆಂಗಸರು ಓಬೇಲೆ ಹಾಡುತ್ತ ಒಂದೇ ಲಯದಲ್ಲಿ ಬಾಗಿ ಹಿಂದೆ ಸರಿಯುವ ಬಗೆ, ತೆಂಗಿನಗರಿಯನ್ನು ಸೀಳಿ ಅಣಿಯನ್ನು ಕಟ್ಟುವ ಬೆರಳುಗಳ ಚಲನೆ, ಇವೇನು ನೃತ್ಯಕ್ಕೆ ಸಾಲವೆ? ಊರವರು ಒಪ್ಪಿ ಕಲಿಸಿದರೆ ಇವುಗಳಿಂದಲೇ ಶ್ರೇಷ್ಠವಾದ ಚಿತ್ರವಾದೀತು. ವೇಷಧಾರಿಯು ಸಹ ಎಣ್ಣೆಬೂಳ್ಯವನ್ನು ಪಡೆಯದೆ ಅಂಗಳಕ್ಕಿಳಿಯುವುದಿಲ್ಲ. ಕ್ಯಾಮೆರಾ ಹಿಡಿದು ಬಂದವನಿಗೆ ಅದಕ್ಕಿಂತ ಹೆಚ್ಚಿನ ಅಧಿಕಾರವನ್ನು ಕೊಟ್ಟವರಾರು?