ಹೊಸ್ತಿಲು ದಾಟದ ದುಡಿಮೆಗೆ ಹಕ್ಕಿಲ್ಲವೇ?

ಮನೆಯಲ್ಲೇ ಕುಳಿತು ಸಂಪಾದಿಸಿ ಎಂಬ ಕರೆಗೆ ನಮ್ಮಲ್ಲಿ ಎಂದೂ ಕಿವಿಗಳ ಕೊರತೆಯಾಗಿಲ್ಲ. 1990ರ ದಶಕದ ಕೊನೆಯ ಹೊತ್ತಿಗೆ ಅದು ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಎಂಬ ಹೆಸರು ಹೊತ್ತು ಬಂತು. ಆಮೇಲೆ ಮೆಡಿಕಲ್ ಬಿಲ್ಲಿಂಗ್, ಕೋಡಿಂಗ್ ಎಂಬ ಹೆಸರುಗಳೂ ಜೊತೆಗೂಡಿದವು. ಅಂದು ಗೋಡೆಯ ಮೇಲಿನ ಭಿತ್ತಿಪತ್ರದಲ್ಲಿದ್ದ ಜಾಹೀರಾತು ಇಂದು ಮೊಬೈಲ್ ಪರದೆಯ ಮೇಲಿದೆ. ಓದಿದ ಮಗಳನ್ನು ದೂರದ ಊರಿಗೆ ಕಳಿಸಲು ಹಿಂಜರಿಯುವ ತಂದೆಗೆ, ಎಳೆಯ ಮಗುವಿರುವ ತಾಯಿಗೆ, ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುವ ಸೊಸೆಗೆ ಈ ಮಾತು ಹಿತವಾಗಿ ಕೇಳಿಸುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ತಪ್ಪಿರುವುದು ಮನೆ ಎಂಬ ಪದವನ್ನು ಮುಂದೆ ಮಾಡಿ ಕಾರ್ಮಿಕಳು ಎಂಬ ಪದವನ್ನು ಅಳಿಸಿಹಾಕುವುದರಲ್ಲಿ.

ಈ ಕೆಲಸದ ಸ್ವರೂಪವನ್ನು ಮೊದಲು ತಿಳಿದುಕೊಳ್ಳೋಣ. ಅಮೆರಿಕದ ವೈದ್ಯ ರೋಗಿಯನ್ನು ಪರೀಕ್ಷಿಸಿ, ತಾನು ಕಂಡದ್ದನ್ನೂ ಕೊಟ್ಟ ಔಷಧಿಯನ್ನೂ ಬಾಯಲ್ಲಿ ಹೇಳಿ ಧ್ವನಿಮುದ್ರಿಸುತ್ತಾನೆ. ಆ ಧ್ವನಿ ಇಂಟರ್ನೆಟ್ ಮೂಲಕ ಇಲ್ಲಿಗೆ ಬರುತ್ತದೆ. ಇಲ್ಲಿರುವವಳು ಹೆಡ್‌ಫೋನ್ ಹಾಕಿಕೊಂಡು, ಕಾಲಡಿಯ ಪೆಡಲ್ ಒತ್ತಿ ಧ್ವನಿಯನ್ನು ನಿಲ್ಲಿಸುತ್ತ, ಹಿಂದಕ್ಕೆ ತಿರುಗಿಸುತ್ತ ಅದನ್ನು ಬೆರಳಚ್ಚಿಸುತ್ತಾಳೆ. ಅಲ್ಲಿ ಸಂಜೆಯಾದಾಗ ಇಲ್ಲಿ ಬೆಳಗು; ಅಲ್ಲಿನವರು ಮಲಗಿ ಏಳುವುದರೊಳಗೆ ವರದಿ ಸಿದ್ಧವಾಗಿರಬೇಕು ಎಂಬುದೇ ಈ ಉದ್ದಿಮೆಯ ಬಂಡವಾಳ. ಬೆಂಗಳೂರಿನಲ್ಲಿ ಹೆಲ್ತ್‌ಸ್ಕ್ರೈಬ್‌ನಂಥ ಕಂಪೆನಿಗಳು 1990ರ ದಶಕದಲ್ಲೇ ಬೇರೂರಿದ್ದು ಹೀಗೆ.

ಇದು ಬರೀ ಟೈಪಿಂಗ್ ಅಲ್ಲ. ಹೈಡ್ರಲಜಿನ್ ರಕ್ತದೊತ್ತಡದ ಔಷಧಿ, ಹೈಡ್ರಾಕ್ಸಿಜಿನ್ ಅಲರ್ಜಿ ತುರಿಕೆಗೆ ಕೊಡುವ ಔಷಧಿ. ಅವಸರದ ಉಚ್ಚಾರಣೆಯಲ್ಲಿ ಎರಡೂ ಒಂದೇ ಥರ ಕೇಳಿಸುತ್ತವೆ. ಹೈಪರ್ ಎಂಬಲ್ಲಿ ಹೈಪೊ ಎಂದು ಬಿದ್ದರೆ ರೋಗವೇ ತಲೆಕೆಳಗಾಗುತ್ತದೆ. ಶರೀರರಚನೆ, ರೋಗಗಳ ಹೆಸರು, ಔಷಧಿಗಳ ಹೆಸರು, ಹತ್ತಾರು ದೇಶಗಳಿಂದ ಅಮೆರಿಕಕ್ಕೆ ಹೋದ ವೈದ್ಯರ ಹತ್ತಾರು ಬಗೆಯ ಇಂಗ್ಲಿಷ್ ಎಲ್ಲವೂ ಅವಳಿಗೆ ತಿಳಿದಿರಬೇಕು. ಇಷ್ಟು ಹೊಣೆಯಿರುವ ಕೆಲಸಕ್ಕೆ ಕೂಲಿ ಹೇಗೆ? ಸಾಲಿಗೆ ಇಷ್ಟು ಎಂದು. ಖಾಲಿ ಜಾಗವೂ ಸೇರಿ 65 ಅಕ್ಷರವಾದರೆ ಒಂದು ಸಾಲು ಎಂಬುದು ಈ ಕಸುಬಿನಲ್ಲಿ ರೂಢಿಯಲ್ಲಿರುವ ಲೆಕ್ಕ. ಅರ್ಥವಾಗದ ಒಂದು ಪದಕ್ಕಾಗಿ ಅರ್ಧ ಗಂಟೆ ಹುಡುಕಿದರೆ ಆ ಅರ್ಧ ಗಂಟೆಗೆ ಬೆಲೆಯಿಲ್ಲ. ತಪ್ಪು ಕಂಡರೆ ಮಾತ್ರ ಕಡಿತ ಉಂಟು.

ಕರಾವಳಿಯ ಓದುಗರಿಗೆ ಈ ಲೆಕ್ಕ ಹೊಸದಲ್ಲ. ಎಲೆ, ಹೊಗೆಸೊಪ್ಪು, ನೂಲು ಮನೆಗೆ ತಂದು, ಬೀಡಿ ಕಟ್ಟಿ, ಸಾವಿರಕ್ಕೆ ಇಷ್ಟು ಎಂದು ಎಣಿಸಿ ಕೊಟ್ಟು ಬಂದ ತಾಯಂದಿರ ಊರು ಇದು. ಅಲ್ಲಿಯೂ ಕೆಲಸದ ಜಾಗ ಮನೆಯ ಜಗಲಿಯೇ, ಕೂಲಿ ಎಣಿಕೆಯ ಮೇಲೆಯೇ. ಸರಿಯಿಲ್ಲವೆಂದು ಎತ್ತಿ ಬದಿಗೆಸೆದ ಬೀಡಿಯ ನಷ್ಟ ಕಟ್ಟಿದವಳ ತಲೆಗೇ. ತಾಯಿಯ ತೊಡೆಯ ಮೇಲಿದ್ದ ಗೆರಸೆಯ ಜಾಗದಲ್ಲಿ ಮಗಳ ಮುಂದೆ ಕಂಪ್ಯೂಟರ್ ಬಂದಿದೆ. ಇದನ್ನೇ ನಾವು ಪ್ರಗತಿ ಎಂದು ಕರೆದೆವು.

ಆದರೆ ಒಂದು ವ್ಯತ್ಯಾಸವಿದೆ, ಅದು ಮಗಳ ಪರವಾಗಿಲ್ಲ. ಬೀಡಿ ಕಾರ್ಮಿಕರು ಸಂಘ ಕಟ್ಟಿದರು, ಹೋರಾಡಿದರು. 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರಿಗೆಂದೇ ಕಾಯ್ದೆ ಬಂತು. ಎಷ್ಟು ಬೀಡಿಯನ್ನು ತಿರಸ್ಕರಿಸಬಹುದು ಎಂಬುದಕ್ಕೂ ನಿಯಮಗಳು ಮಿತಿ ಹಾಕಿದವು. ಮಾಲೀಕರು ನ್ಯಾಯಾಲಯಕ್ಕೆ ಹೋದರು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಮೊಕದ್ದಮೆಯಲ್ಲಿ 1974ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. 1977ರಲ್ಲಿ ಭವಿಷ್ಯನಿಧಿ ಬೀಡಿ ಉದ್ಯಮಕ್ಕೂ ವಿಸ್ತರಿಸಿತು. ಮನೆಯಲ್ಲಿ ಕಟ್ಟುವವರು ನಮ್ಮ ನೌಕರರೇ ಅಲ್ಲ ಎಂದು ಮಾಲೀಕರು ಮತ್ತೆ ವಾದಿಸಿದರು. ಪಿ. ಎಂ. ಪಟೇಲ್ ಮೊಕದ್ದಮೆಯಲ್ಲಿ 1985ರಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿತು. ಮಾಡಿದ ಕೆಲಸವನ್ನು ಸರಿಯಿಲ್ಲವೆಂದು ತಿರಸ್ಕರಿಸುವ ಹಕ್ಕು ಮಾಲೀಕನ ಕೈಯಲ್ಲಿದ್ದರೆ ಅದೂ ಮೇಲ್ವಿಚಾರಣೆಯೇ, ನಿಯಂತ್ರಣವೇ ಎಂಬುದು ಆ ತೀರ್ಪಿನ ತಿರುಳು.

ಈ ತಿರುಳನ್ನು ಕಂಪ್ಯೂಟರ್ ಮುಂದೆ ಇಟ್ಟು ನೋಡಿ. ಇಂತಿಷ್ಟು ಗಂಟೆಯೊಳಗೆ ಕಳಿಸು, ನೂರಕ್ಕೆ ತೊಂಬತ್ತೆಂಟು ಭಾಗ ಸರಿಯಿರಲಿ, ಇಂಥದೇ ಸಾಫ್ಟ್‌ವೇರ್ ಬಳಸು, ತಪ್ಪಿದರೆ ಹಣ ಕಡಿತ. ಇದಕ್ಕಿಂತ ದೊಡ್ಡ ನಿಯಂತ್ರಣ ಯಾವುದಿದೆ? ಆದರೂ ಅವಳ ಕೈಗೆ ಬರುವ ಕಾಗದದಲ್ಲಿ ಅವಳು ನೌಕರಳಲ್ಲ, ಸ್ವತಂತ್ರ ಗುತ್ತಿಗೆದಾರಳು. ಭವಿಷ್ಯನಿಧಿ ಇಲ್ಲ, ಹೆರಿಗೆ ರಜೆ ಇಲ್ಲ, ಗ್ರಾಚ್ಯುಟಿ ಇಲ್ಲ. ಕಂಪ್ಯೂಟರ್ ಅವಳದು, ಕರೆಂಟ್ ಬಿಲ್ಲು ಅವಳದು, ಇಂಟರ್ನೆಟ್ ಅವಳದು. ಓದು ಬಾರದ ತಾಯಿಗೆ ಗುರುತಿನ ಚೀಟಿ ಇತ್ತು. ಪದವೀಧರೆ ಮಗಳಿಗೆ ಒಂದು ಪಾಸ್‌ವರ್ಡ್ ಇದೆ. ಅದನ್ನು ಯಾವ ದಿನ ಬೇಕಾದರೂ ರದ್ದು ಮಾಡಬಹುದು.

ಪದರಪದರವಾಗಿ ಉಪಗುತ್ತಿಗೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ 2003ರ ಅಕ್ಟೋಬರ್‌ನಲ್ಲಿ ನಡೆದ ಘಟನೆಯೊಂದು ಸಾಕ್ಷಿ. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಕರಾಚಿಯಿಂದ ಒಂದು ಇ-ಮೇಲ್ ಬಂತು. ತನಗೆ ಬರಬೇಕಾದ ಹಣ ಕೊಡಿಸದಿದ್ದರೆ ರೋಗಿಗಳ ದಾಖಲೆಗಳನ್ನು ಇಂಟರ್ನೆಟ್‌ನಲ್ಲಿ ಬಹಿರಂಗಪಡಿಸುವೆನೆಂದು ಅಲ್ಲಿನ ಟ್ರಾನ್ಸ್‌ಕ್ರಿಪ್ಷನ್ ಕೆಲಸಗಾರ್ತಿಯೊಬ್ಬಳು ಬೆದರಿಸಿದ್ದಳು. ವಿಚಾರಿಸಿದಾಗ ಆಸ್ಪತ್ರೆಯ ಗುತ್ತಿಗೆ ಕ್ಯಾಲಿಫೋರ್ನಿಯಾದ ಒಂದು ಸಂಸ್ಥೆಗೆ, ಅಲ್ಲಿಂದ ಫ್ಲೋರಿಡಾಕ್ಕೆ, ಅಲ್ಲಿಂದ ಟೆಕ್ಸಾಸ್‌ಗೆ, ಅಲ್ಲಿಂದ ಕರಾಚಿಗೆ ಹರಿದಿತ್ತು. ಸ್ವಲ್ಪ ಹಣ ಕೈಸೇರಿದ ಮೇಲೆ ಆಕೆ ಬೆದರಿಕೆಯನ್ನು ಹಿಂತೆಗೆದುಕೊಂಡಳು. ಆಕೆ ಮಾಡಿದ್ದು ತಪ್ಪು. ರೋಗಿಗಳು ಅವಳಿಗೆ ಯಾವ ಅನ್ಯಾಯವನ್ನೂ ಮಾಡಿರಲಿಲ್ಲ. ಆದರೆ ರೋಗಿಯ ಗುಟ್ಟನ್ನು ಕಾಯಲು ಅಮೆರಿಕದಲ್ಲಿ 1996ರ ಹಿಪಾ ಕಾನೂನು ಇತ್ತು, ಅವಳ ಕೂಲಿಯನ್ನು ಕಾಯಲು ಮಾತ್ರ ಆ ನಾಲ್ಕು ಪದರಗಳಲ್ಲಿ ಯಾರೂ ಇರಲಿಲ್ಲ ಎಂಬ ಮಾತನ್ನೂ ಹೇಳಲೇಬೇಕು.

ಈಗ ಮತ್ತೊಂದು ಸತ್ಯ. ಜಾಹೀರಾತಿನಲ್ಲಿ ಬೆಳೆಯುತ್ತಿರುವ ಕ್ಷೇತ್ರ ನಿಜದಲ್ಲಿ ಕುಗ್ಗುತ್ತಿದೆ. 2009ರಲ್ಲಿ ಅಮೆರಿಕ ಸರ್ಕಾರ ಕಾನೂನು ತಂದು, ದಾಖಲೆಗಳನ್ನು ಕಂಪ್ಯೂಟರೀಕರಿಸುವ ಆಸ್ಪತ್ರೆಗಳಿಗೆ ಹಣ ಕೊಟ್ಟಿತು. ವೈದ್ಯರೇ ಪರದೆಯ ಮೇಲೆ ವಿವರ ತುಂಬತೊಡಗಿದರು. ಧ್ವನಿಯನ್ನು ಗುರುತಿಸುವ ಯಂತ್ರ ಬಂದು, ಬರೆಯುತ್ತಿದ್ದವಳು ಯಂತ್ರ ಬರೆದದ್ದನ್ನು ತಿದ್ದುವವಳಾದಳು. ಸಾಲಿನ ದರ ಇಳಿಯಿತು. ಇಂಥ ಯಂತ್ರಕ್ಕೆ ಹೆಸರಾದ ನ್ಯೂಆನ್ಸ್ ಕಂಪೆನಿಯನ್ನು ಮೈಕ್ರೋಸಾಫ್ಟ್ 2022ರಲ್ಲಿ ತನ್ನದಾಗಿಸಿಕೊಂಡಿತು. ಇಂದು ವೈದ್ಯ-ರೋಗಿಯ ಸಂಭಾಷಣೆಯನ್ನು ಕೇಳಿಸಿಕೊಂಡು ತಾನೇ ವರದಿಯ ಕರಡು ಬರೆಯುವ ಸಾಫ್ಟ್‌ವೇರ್ ಬಳಕೆಯಲ್ಲಿದೆ. ಈ ಉದ್ಯೋಗ ಕಡಿಮೆಯಾಗುತ್ತದೆಂದು ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯೇ ಅಂದಾಜಿಸಿದೆ. ಕೋಡಿಂಗ್‌ಗೆ ಈಗಲೂ ಕೆಲಸವಿದೆ ನಿಜ. ಆದರೆ 2015ರ ಅಕ್ಟೋಬರ್‌ನಿಂದ ಅಲ್ಲಿ ಜಾರಿಯಲ್ಲಿರುವ ಐಸಿಡಿ-10ರಲ್ಲಿ ಹತ್ತಾರು ಸಾವಿರ ಸಂಕೇತಗಳಿವೆ. ಅದನ್ನು ಕಲಿಯಲು ಓದು, ಪರೀಕ್ಷೆ, ಅನುಭವ ಬೇಕು. ಮೂರು ತಿಂಗಳ ತರಬೇತಿ ಮುಗಿಸಿ ಮನೆಗೆ ಕೆಲಸ ತರಿಸಿಕೊಳ್ಳುವ ಮಾತಲ್ಲ.

ಹಾಗಿದ್ದೂ ಶುಲ್ಕ ವಸೂಲಿ ನಿಂತಿಲ್ಲ. ಕೆಲಸ ಕೊಡುತ್ತೇವೆಂದು ಠೇವಣಿ ಕಟ್ಟಿಸಿಕೊಳ್ಳುವುದು, ಮಾಡಿದ ಕೆಲಸದಲ್ಲಿ ತಪ್ಪಿದೆಯೆಂದು ಕೂಲಿ ನಿರಾಕರಿಸುವುದು, ಕರಾರು ಮುರಿದೆಯೆಂದು ವಕೀಲರ ನೋಟಿಸಿನ ಹೆಸರಿನಲ್ಲಿ ಹೆದರಿಸಿ ಇನ್ನಷ್ಟು ಹಣ ಕೀಳುವುದು ಮನೆಯಿಂದ ಕೆಲಸದ ಹೆಸರಿನಲ್ಲಿ ನಡೆಯುವ ಮಾಮೂಲು ವಂಚನೆ. ಮನೆಯಲ್ಲಿರುವ ಹೆಣ್ಣುಮಗಳು ಮರ್ಯಾದೆಗೆ ಅಂಜಿ ಪೊಲೀಸರ ಬಳಿ ಹೋಗಲಾರಳು ಎಂಬ ಧೈರ್ಯದ ಮೇಲೆಯೇ ಈ ದಂಧೆ ನಿಂತಿದೆ. ಕೆಲಸ ಕೊಡುವವನು ಹಣ ಕೊಡಬೇಕು, ಕೇಳಬಾರದು. ಇಷ್ಟು ಸರಳ ಮಾತನ್ನು ಪ್ರತಿ ಮನೆಯಲ್ಲೂ ಹೇಳಿಕೊಡಬೇಕಾಗಿದೆ.

ಹೊರಗಿನವರನ್ನು ಮಾತ್ರ ದೂರಿ ಮುಗಿಸುವುದು ನ್ಯಾಯವಲ್ಲ. ಮನೆಯವರಾದ ನಾವೇನು ಮಾಡುತ್ತಿದ್ದೇವೆ? ಹೆಡ್‌ಫೋನ್ ಹಾಕಿ ಕುಳಿತವಳನ್ನು ಚಹಾ ಮಾಡಲು ಎಬ್ಬಿಸುತ್ತೇವೆ. ಬಂದವರು ಕೇಳಿದರೆ, ಸುಮ್ಮನೆ ಹೊತ್ತು ಹೋಗಲಿ ಅಂತ ಏನೋ ಮಾಡ್ತಾಳೆ ಎನ್ನುತ್ತೇವೆ. ಹಣ ಬಂದಾಗ ಮಾತ್ರ ಅದು ಮನೆಯ ಹಣ. ಅಡುಗೆ, ಮಕ್ಕಳು, ಹಿರಿಯರ ಆರೈಕೆ ಒಂದೂ ಕಡಿಮೆಯಾಗದೆ, ಅದರ ಮೇಲೆ ಎಂಟು ಗಂಟೆಯ ದುಡಿಮೆ. ಮಗಳ ರಕ್ಷಣೆಗಾಗಿ ಅವಳನ್ನು ಮನೆಯಲ್ಲಿರಿಸಿದ್ದೇವೆ ಎನ್ನುವವರು ಅವಳ ಕೂಲಿಯನ್ನೂ ನಿದ್ದೆಯನ್ನೂ ರಕ್ಷಿಸಬೇಡವೇ? ಅವಳ ಹೆಸರಿನಲ್ಲಿ ಬ್ಯಾಂಕ್ ಖಾತೆ, ಅವಳ ಕೆಲಸಕ್ಕೊಂದು ಕೋಣೆ, ಆ ಹೊತ್ತಿನಲ್ಲಿ ಅಡುಗೆಮನೆಗೆ ಬೇರೆಯವರು ಹೋಗುವ ಪದ್ಧತಿ ಇವಕ್ಕೆ ಯಾವ ಕಾಯ್ದೆಯೂ ಬೇಡ.

ಕಾಯ್ದೆ ಬೇಕಾಗಿರುವುದು ಉಳಿದದ್ದಕ್ಕೆ. ಮನೆಗೆಲಸಗಾರರ, ಅಂದರೆ ಮನೆಯಲ್ಲೇ ಕುಳಿತು ಬೇರೆಯವರಿಗಾಗಿ ದುಡಿಯುವವರ ಹಕ್ಕುಗಳ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲಿ 177ನೇ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತ ಅದನ್ನು ಇನ್ನೂ ಸ್ಥಿರೀಕರಿಸಿಲ್ಲ. 1966ರ ಬೀಡಿ ಕಾಯ್ದೆ 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಕರಗಿಹೋಗಿದೆ. ಅವುಗಳಲ್ಲೊಂದಾದ ಸಾಮಾಜಿಕ ಭದ್ರತಾ ಸಂಹಿತೆ, ಮಾಲೀಕನಿಗಾಗಿ ಮನೆಯಲ್ಲಿ ಸರಕು ಅಥವಾ ಸೇವೆ ಉತ್ಪಾದಿಸುವವರನ್ನು ಗೃಹಾಧಾರಿತ ಕಾರ್ಮಿಕರೆಂದು ಹೆಸರಿಸುತ್ತದೆ. ಸೇವೆ ಎಂಬ ಆ ಒಂದು ಪದದಲ್ಲಿ ನಮ್ಮ ಹೆಣ್ಣುಮಕ್ಕಳಿಗೂ ಜಾಗವಿದೆ. ಆದರೆ ಹೆಸರಿಸಿದರೆ ಸಾಲದು. ಸಾಲಿನ ಕನಿಷ್ಠ ದರ ಎಷ್ಟು, ಕಡಿತಕ್ಕೆ ಮಿತಿ ಎಷ್ಟು, ತಿರಸ್ಕಾರವನ್ನು ಪ್ರಶ್ನಿಸುವುದು ಯಾರ ಬಳಿ, ಉಪಗುತ್ತಿಗೆದಾರ ಕೈಯೆತ್ತಿದರೆ ಕೂಲಿ ಕೊಡುವವರು ಯಾರು ಎಂಬುದಕ್ಕೆ ಉತ್ತರ ಬೇಕು. ತರಬೇತಿ ಸಂಸ್ಥೆಗಳು ತಮ್ಮಲ್ಲಿ ಕಲಿತ ಎಷ್ಟು ಮಂದಿಗೆ ಕೆಲಸ ಸಿಕ್ಕಿತು ಎಂಬ ಲೆಕ್ಕವನ್ನು ಶುಲ್ಕ ಪಡೆಯುವ ಮೊದಲೇ ತೋರಿಸಬೇಕು.

ಕುಗ್ಗುತ್ತಿರುವ ಕೆಲಸಕ್ಕೆ ಇಷ್ಟೆಲ್ಲ ಯಾಕೆ ಎನ್ನುವವರಿದ್ದಾರೆ. ಟ್ರಾನ್ಸ್‌ಕ್ರಿಪ್ಷನ್ ಹೋದರೆ ಇನ್ನೊಂದು ಬರುತ್ತದೆ. ಅದೂ ಮನೆ ಬಾಗಿಲಿಗೇ ಬರುತ್ತದೆ, ಎಣಿಕೆಯ ಲೆಕ್ಕದಲ್ಲೇ ಬರುತ್ತದೆ. ಬೀಡಿ ಕಟ್ಟಿದ ತಾಯಂದಿರು ತಮ್ಮ ಜಗಲಿಯೂ ಕೆಲಸದ ಜಾಗವೆಂದು ದೇಶದ ಅತ್ಯುನ್ನತ ನ್ಯಾಯಾಲಯದಿಂದ ಹೇಳಿಸಿದರು. ಅವರ ಹೆಣ್ಣುಮಕ್ಕಳು ಅದನ್ನು ಮೊದಲಿನಿಂದ ಕೇಳಬೇಕಾಗಿ ಬಂದಿರುವುದು ಅವಮಾನದ ಸಂಗತಿ. ಆದರೂ ಕೇಳಲೇಬೇಕು.