ರಾಜಕುಮಾರ ಎದ್ದು ಬಂದ, ನಮ್ಮ ವರದಿ ಬರಲಿಲ್ಲ

ಕಳೆದ ತಿಂಗಳು ಪಕ್ಕದ ಹಳ್ಳಿಯ ರೈತರೊಬ್ಬರು ನಮ್ಮ ಕೋಣೆಗೆ ಬಂದರು. ಅವರೂರಿನ ಕೆರೆ ಒತ್ತುವರಿ ಬಗ್ಗೆ 2011ರಲ್ಲಿ ನಾವು ಬರೆದಿದ್ದ ವರದಿ ಅವರಿಗೆ ಬೇಕಿತ್ತು. ‘ಒತ್ತುವರಿ ವಿಷಯ ಮತ್ತೆ ತಹಶೀಲ್ದಾರ್ ಮುಂದೆ ಬಂದದೆ ಸರ್. ಆಗ ಸರ್ವೆಯವರು ಎಷ್ಟು ಗುಂಟೆ ಅಂದಿದ್ರು ಅನ್ನೋದು ನೀವು ಬರೆದಿದ್ರಿ’ ಅಂದರು. ಆ ಕಾಲದ ಜಿಲ್ಲಾ ಪುಟಗಳು ಅಂತರ್ಜಾಲದಲ್ಲಿ ಇಲ್ಲ. ಕತ್ತರಿಸಿ ಇಟ್ಟಿದ್ದ ಪೇಪರು ಗೆದ್ದಲು ಪಾಲಾಗಿದೆ. ಉಳಿದಿದ್ದು ಡಿಪ್ಲೊಮಾ ಮುಗಿಸಿದ ಹೊಸತರಲ್ಲಿ ನಾವೇ ಬರೆದಿಟ್ಟ ಒಂದು ಸಿ.ಡಿ.

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸಿ.ಡಿ. ಹಾಕಲು ಜಾಗವೇ ಇಲ್ಲ. ನಾವು ಮೂವರು ಸ್ಟ್ರಿಂಗರ್‌ಗಳು ಬಾಡಿಗೆ ಹಂಚಿಕೊಂಡಿರುವ ಈ ಕೋಣೆಯಲ್ಲಿ ಒಂದು ಹಳೇ ಡೆಸ್ಕ್‌ಟಾಪ್ ಇದೆ. 1 ಜಿ.ಬಿ. ರ‍್ಯಾಮ್, 32 ಬಿಟ್ ಪ್ರೊಸೆಸರ್. ರಿಪೇರಿ ಅಂಗಡಿಯವರು ‘ಗುಜರಿಗೆ ಹಾಕಿ ಸರ್, ಇದಕ್ಕೆ ಸಪೋರ್ಟ್ ಇಲ್ಲ’ ಅಂದು ವರ್ಷಗಳೇ ಆದವು. ಅದರಲ್ಲಿ ನಾವು ಹಾಕಿಕೊಂಡಿದ್ದು ಲುಬುಂಟು 18.04. ಲಿನಕ್ಸ್ ಬಳಗದ ಹಗುರ ಆವೃತ್ತಿ ಅದು. ಅದಕ್ಕೂ 2021ರ ಏಪ್ರಿಲ್‌ನಲ್ಲೇ ಬೆಂಬಲ ನಿಂತಿದೆ. ಅಂದರೆ ಯಂತ್ರಕ್ಕೂ ದಿಕ್ಕಿಲ್ಲ, ಅದರೊಳಗಿನ ವ್ಯವಸ್ಥೆಗೂ ದಿಕ್ಕಿಲ್ಲ.

ಸಿ.ಡಿ. ಹಾಕಿದೆವು. ಓದಿತು. ‘ವರದಿಗಳು’ ಎಂಬ ಫೋಲ್ಡರ್ ಪಕ್ಕದಲ್ಲೇ ‘ಗೇಮ್ಸ್’ ಎಂಬ ಇನ್ನೊಂದು ಫೋಲ್ಡರ್. ಒಳಗೆ ‘ಪ್ರಿನ್ಸ್ ಆಫ್ ಪರ್ಷಿಯಾ’ ಮತ್ತು ‘ಡೇಂಜರಸ್ ಡೇವ್’. ಆರನೇ ಕ್ಲಾಸಿನಲ್ಲಿ ಓದುವ ಮನೆ ಮಾಲೀಕರ ಮಗಳು ಹಿಂದೆ ನಿಂತಿದ್ದಳು. ‘ಮಾಮ, ಮೊದ್ಲು ಗೇಮ್ ಹಾಕಿ’ ಅಂದಳು. ಹಾಕಿದೆವು.

ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ ಹೋದ ನಮ್ಮ ವಯಸ್ಸಿನವರಿಗೆ ಈ ಎರಡು ಹೆಸರು ಪರಿಚಯ ಮಾಡಿಕೊಡಬೇಕಿಲ್ಲ. ಮೇಷ್ಟ್ರು ಆಚೆ ಹೋದ ಕೂಡಲೇ ಡೇವ್ ಟ್ರೋಫಿ ಹಿಡಿದು ಬಾಗಿಲಿಗೆ ಓಡುತ್ತಿದ್ದ. ರಾಜಕುಮಾರನಿಗೆ ಸಿಕ್ಕುತ್ತಿದ್ದುದು ಬರೀ 60 ನಿಮಿಷ. ಅಷ್ಟರೊಳಗೆ ಮುಳ್ಳು, ಕುಸಿಯುವ ಹಾಸುಗಲ್ಲು, ಕತ್ತಿವರಸೆ ಎಲ್ಲ ದಾಟಬೇಕು. ‘ಪ್ರಿನ್ಸ್’ ಮುಂದೆ ‘ಮೆಗಾಹಿಟ್’ ಅಂತ ಟೈಪ್ ಮಾಡಿದರೆ ಅಡ್ಡದಾರಿ ತೆರೆಯುತ್ತದೆ ಎಂಬ ಗುಟ್ಟು ಯಾವ ಊರಿನಿಂದ ಯಾವ ಊರಿಗೆ ಹೇಗೆ ಹರಡಿತೋ, ಎಲ್ಲ ಲ್ಯಾಬಿನಲ್ಲೂ ಗೊತ್ತಿತ್ತು.

ಇವೆರಡೂ ಡಾಸ್ ಕಾಲದ ಆಟಗಳು. ಲಿನಕ್ಸ್‌ಗಾಗಿ ಮಾಡಿದವಲ್ಲ. ಇವತ್ತಿನ 64 ಬಿಟ್ ವಿಂಡೋಸ್‌ನಲ್ಲಿ ಆ ಫೈಲನ್ನು ನೇರವಾಗಿ ಕ್ಲಿಕ್ಕಿಸಿದರೆ ‘ಇದು ನಡೆಯುವುದಿಲ್ಲ’ ಎಂಬ ಉತ್ತರ ಬರುತ್ತದೆ. ಇವನ್ನು ಕಾಯುತ್ತಿರುವುದು ಡಾಸ್‌ಬಾಕ್ಸ್ ಎಂಬ ಮುಕ್ತ ತಂತ್ರಾಂಶ. 2002ರಿಂದ ಇದೆ. ಹಳೇ ಕಂಪ್ಯೂಟರಿನ ಪ್ರೊಸೆಸರ್, ಸೌಂಡ್ ಕಾರ್ಡ್, ಪರದೆ, ಡಾಸ್ ಎಲ್ಲವನ್ನೂ ಅದು ತನ್ನೊಳಗೇ ನಟಿಸಿ ತೋರಿಸುತ್ತದೆ. ಆಟಕ್ಕೆ ತಾನು 1990ರ ಯಂತ್ರದಲ್ಲೇ ಇದ್ದೇನೆ ಅನ್ನಿಸುತ್ತದೆ. ವಿಂಡೋಸ್‌ನಲ್ಲೂ ಆಟ ನಡೆಯಬೇಕಾದರೆ ಇದೇ ಡಾಸ್‌ಬಾಕ್ಸ್ ಅಥವಾ ಇಂಥದ್ದೇ ಒಂದು ಬೇಕು.

ಮಾಡಿದ್ದು ಇಷ್ಟೇ. ಒಂದು ಸಾಲಿನ ಆಜ್ಞೆಯಿಂದ ಡಾಸ್‌ಬಾಕ್ಸ್ ಇಳಿಸಿಕೊಂಡೆವು. ಆಟದ ಫೋಲ್ಡರನ್ನು ‘ಮೌಂಟ್’ ಎಂಬ ಆಜ್ಞೆ ಕೊಟ್ಟು ಸಿ ಡ್ರೈವ್ ಎಂದು ನಂಬಿಸಿದೆವು. ಹೆಸರು ಟೈಪ್ ಮಾಡಿದೆವು. ಮೊದಲು ರಾಜಕುಮಾರ ಕುಂಟುತ್ತಿದ್ದ. ಕಂಟ್ರೋಲ್ ಹಿಡಿದು ಎಫ್ 12 ಒತ್ತಿದರೆ ವೇಗ ಹೆಚ್ಚುತ್ತದೆ, ಎಫ್ 11 ಒತ್ತಿದರೆ ತಗ್ಗುತ್ತದೆ. ನಾಲ್ಕೈದು ಸಲ ಒತ್ತಿದ ಮೇಲೆ ಸರಿಯಾಗಿ ಓಡಿದ. ಹುಡುಗಿ ಮೊದಲ ಹಂತದಲ್ಲೇ ಏಳು ಸಲ ಮುಳ್ಳಿಗೆ ಬಿದ್ದು ‘ಇನ್ನೊಂದ್ ಸಲ ಮಾಮ’ ಅಂದಳು.

ಅವಳನ್ನು ಎಬ್ಬಿಸಿ ವರದಿಯ ಫೈಲು ತೆರೆದೆವು. ಫೈಲು ತೆರೆಯಿತು, ಕನ್ನಡ ಮಾತ್ರ ಇಲ್ಲ. ಪರದೆ ತುಂಬ ಕೊಂಬು, ಬಾಲ ಅಂಟಿಕೊಂಡ ಇಂಗ್ಲಿಷ್ ಅಕ್ಷರಗಳು.

ನಮ್ಮ ಓದುಗರಲ್ಲಿ ಅನೇಕರಿಗೆ ಕಾರಣ ಗೊತ್ತು. ಯುನಿಕೋಡ್ ರೂಢಿಗೆ ಬರುವ ಮುಂಚೆ ನಾವೆಲ್ಲ ಬೆರಳಚ್ಚು ಮಾಡುತ್ತಿದ್ದುದು ಆಸ್ಕಿ ಫಾಂಟ್‌ಗಳಲ್ಲಿ. ಕಂಪ್ಯೂಟರ್ ಲೆಕ್ಕದಲ್ಲಿ ಅದು ಕನ್ನಡವೇ ಅಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ಅಂಗಿ ತೊಡಿಸಿದ ಹಾಗೆ. ಆ ಅಂಗಿ, ಅಂದರೆ ಅದೇ ಫಾಂಟು, ಯಂತ್ರದಲ್ಲಿ ಇಲ್ಲದಿದ್ದರೆ ಓದಲು ಬಾರದು, ಹುಡುಕಲು ಸಿಗದು.

ಯಾವುದೋ ದೇಶದ ಹುಡುಗನೊಬ್ಬ ಮಾಡಿದ ಆಟ ಮೂವತ್ತು ವರ್ಷ ದಾಟಿಯೂ ನಮ್ಮ ಹರಕು ಡೆಸ್ಕ್‌ಟಾಪಿನಲ್ಲಿ ಎದ್ದು ಬಂತು. ನಮ್ಮದೇ ಕೆರೆಯ, ನಮ್ಮದೇ ಭಾಷೆಯ ವರದಿ ಬರಲಿಲ್ಲ. ಏಕೆ?

ಆಟದವರಿಗೂ ಇಂಥದ್ದೇ ಗತಿ ಬಂದಿತ್ತು. ‘ಪ್ರಿನ್ಸ್ ಆಫ್ ಪರ್ಷಿಯಾ’ವನ್ನು ಜೋರ್ಡನ್ ಮೆಕ್ನರ್ 1989ರಲ್ಲಿ ಆಪಲ್ 2 ಯಂತ್ರಕ್ಕೆ ಬರೆದರು. ಅದರ ಮೂಲ ಕೋಡ್ ಅವರ ಕೈಯಲ್ಲೇ ಇರಲಿಲ್ಲ, ಕಳೆದೇಹೋಯಿತು ಅಂದುಕೊಂಡಿದ್ದರು. 2012ರಲ್ಲಿ ಅವರ ತಂದೆಗೆ ಮನೆಯಲ್ಲಿ ಹಳೇ ಫ್ಲಾಪಿಗಳ ಡಬ್ಬಿ ಸಿಕ್ಕಿತು. ಹಳೇ ಯಂತ್ರಗಳ ಹುಚ್ಚಿರುವವರು ಬಂದು ಆ ಫ್ಲಾಪಿಗಳನ್ನು ಓದಿಸಿದರು. ಮೆಕ್ನರ್ ಕೋಡನ್ನು ಎಲ್ಲರೂ ನೋಡುವಂತೆ ಗಿಟ್‌ಹಬ್‌ನಲ್ಲಿ ಹಾಕಿದರು. ಡಾಸ್ ಆವೃತ್ತಿಯನ್ನು ಅಭಿಮಾನಿಗಳು ಬಿಚ್ಚಿ ನೋಡಿ, ಲಿನಕ್ಸ್‌ನಲ್ಲಿ ನೇರವಾಗಿ ಓಡುವ ಎಸ್‌ಡಿಎಲ್‌ಪಾಪ್ ಎಂಬ ರೂಪವನ್ನೂ ಕಟ್ಟಿದ್ದಾರೆ. ‘ಡೂಮ್’ ಆಟದ ಕೋಡನ್ನು ಐಡಿ ಸಾಫ್ಟ್‌ವೇರ್ 1997ರಲ್ಲೇ ಬಿಟ್ಟುಕೊಟ್ಟಿತು. ಇವತ್ತು ಅದು ಓಡದ ಯಂತ್ರ ಹುಡುಕುವುದೇ ಕಷ್ಟ. ಬಿಚ್ಚಿ ನೋಡಲು ಬರುವಂತಿದ್ದವು, ನೋಡುವವರೂ ಇದ್ದರು. ಅದಕ್ಕೇ ಉಳಿದವು.

ಇನ್ನೊಂದು ಪ್ರಸಂಗ ಹೇಳಬೇಕು. 2019ರ ಜೂನ್‌ನಲ್ಲಿ ಉಬುಂಟು ತಯಾರಿಸುವ ಕ್ಯಾನೊನಿಕಲ್, ಮುಂದಿನ ಆವೃತ್ತಿಯಿಂದ 32 ಬಿಟ್ ಪ್ಯಾಕೇಜುಗಳನ್ನು ಪೂರ್ತಿ ನಿಲ್ಲಿಸುತ್ತೇವೆ ಎಂದಿತು. ಹಳೇ ಆಟ ಆಡುವವರು, ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ ತಂಡ, ಸ್ಟೀಮ್ ನಡೆಸುವ ವಾಲ್ವ್ ಕಂಪನಿಯವರು ಎಲ್ಲ ತಕರಾರು ತೆಗೆದರು. ಒಂದೇ ವಾರದಲ್ಲಿ ಕ್ಯಾನೊನಿಕಲ್ ಹಿಂದೆ ಸರಿದು, ಬೇಕಾದ ಪ್ಯಾಕೇಜುಗಳನ್ನು ಉಳಿಸಿಕೊಳ್ಳುವುದಾಗಿ ಹೇಳಿತು. ಆಟ ಆಡುವವರು ಅಂತ ಹಗುರವಾಗಿ ನೋಡುತ್ತೇವಲ್ಲ, ಅವರು ಬಾಯಿಬಿಟ್ಟಿದ್ದರಿಂದ ಉಳಿದ ವಸ್ತು ಅದು.

ನಮ್ಮ ಅಭಿಪ್ರಾಯ ಇಷ್ಟು. ‘ಬೆಂಬಲ ಮುಗಿಯಿತು’ ಎನ್ನುವುದು ತಯಾರಿಸಿದವರ ತೀರ್ಮಾನ. ನಮ್ಮ ಯಂತ್ರ ಕೆಲಸಕ್ಕೆ ಬಾರದು ಎಂದು ತೀರ್ಮಾನಿಸುವವರು ಅವರಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲವೂ ಮುಗಿಯಿತು. ಶಾಲೆ, ಪಂಚಾಯಿತಿ, ಸೈಬರ್ ಅಂಗಡಿಗಳ ಎಷ್ಟೋ ಯಂತ್ರಗಳು ಬರೀ ಈ ಕಾರಣಕ್ಕೆ ಗುಜರಿ ಗಾಡಿ ಹತ್ತಬಹುದು. ಹತ್ತಿಸುವ ಮುಂಚೆ ಒಂದು ಹಗುರ ಲಿನಕ್ಸ್ ಹಾಕಿ ನೋಡಿ ಎಂದು ನಾವು ಕೇಳಿಕೊಳ್ಳುತ್ತೇವೆ. 64 ಬಿಟ್ ಯಂತ್ರವಾದರೆ ಬೆಂಬಲ ಇರುವ ಆವೃತ್ತಿಯೇ ಸಿಗುತ್ತದೆ.

ಇದರಲ್ಲಿ ಅಪಾಯ ಇಲ್ಲ ಎಂದು ಹೇಳುತ್ತಿಲ್ಲ. ಭದ್ರತೆಯ ಅಪ್‌ಡೇಟ್ ನಿಂತ ವ್ಯವಸ್ಥೆಯಲ್ಲಿ ಬ್ಯಾಂಕ್ ವ್ಯವಹಾರ, ಇಮೇಲ್, ಆಧಾರ್ ಯಾವುದೂ ಬೇಡ. ನಾವು ಡಾಸ್‌ಬಾಕ್ಸ್ ಇಳಿಸಿಕೊಂಡ ಮೇಲೆ ಆ ಡೆಸ್ಕ್‌ಟಾಪಿನ ನೆಟ್ ಕೇಬಲ್ ಕಿತ್ತಿಟ್ಟಿದ್ದೇವೆ. 32 ಬಿಟ್ ಯಂತ್ರಗಳ ದಾರಿ ಮುಕ್ತ ಬಳಗದಲ್ಲೂ ಕಿರಿದಾಗುತ್ತಿದೆ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ನ್ನು ಅಂಥ ಯಂತ್ರದಲ್ಲಿ ಹೊಸದಾಗಿ ಹಾಕಲು ಬರುವುದಿಲ್ಲ. ಸ್ವಯಂಸೇವಕರಿಗೂ ಕೈ ಎರಡೇ. ಮತ್ತೆ, ಹಳೇ ಆಟ ಎಂದ ಮಾತ್ರಕ್ಕೆ ಹಕ್ಕುಸ್ವಾಮ್ಯ ಮುಗಿದಿರುವುದಿಲ್ಲ. ನಮ್ಮ ಸಿ.ಡಿ.ಯಲ್ಲಿದ್ದದ್ದು ಲ್ಯಾಬಿನಿಂದ ಕದ್ದು ತಂದ ಪ್ರತಿಯೇ, ಒಪ್ಪಿಕೊಳ್ಳುತ್ತೇವೆ.

ರೈತರ ವರದಿ ಏನಾಯಿತು ಎಂದು ಕೇಳುತ್ತೀರಿ. ಕನ್ನಡದ ತಂತ್ರಾಂಶಾಸಕ್ತರು ಬರೆದು ಮುಕ್ತವಾಗಿ ಹಂಚಿರುವ ಆಸ್ಕಿ–ಯುನಿಕೋಡ್ ಪರಿವರ್ತಕ ಇದೆ. ಪೆನ್‌ಡ್ರೈವಿನಲ್ಲಿ ಫೈಲು ತೆಗೆದುಕೊಂಡು ಹೋಗಿ ಲ್ಯಾಪ್‌ಟಾಪಿನಲ್ಲಿ ಅದಕ್ಕೆ ತಿನ್ನಿಸಿದೆವು. ಒತ್ತಕ್ಷರ, ಅರ್ಕಾವೊತ್ತು ಕೆಲವು ಕಡೆ ಎಡವಿದ್ದವು. ಒಂದು ಸಂಜೆ ಕೂತು ತಿದ್ದಿದೆವು. ಗುಂಟೆ ಲೆಕ್ಕ ಸಿಕ್ಕಿತು, ಮುದ್ರಿಸಿ ಕೊಟ್ಟೆವು. ಇಲ್ಲಿಯೂ ಕೈಹಿಡಿದದ್ದು ಯಾರೋ ಪುಕ್ಕಟೆ ಬರೆದು ಎಲ್ಲರಿಗೂ ಬಿಟ್ಟ ಕೋಡೇ.

ಆದರೆ ಅದೇ ಸಿ.ಡಿ.ಯಲ್ಲಿ ಇನ್ನೂ ನೂರಾರು ಫೈಲುಗಳಿವೆ. ನಿಮ್ಮಲ್ಲೂ ಇರುತ್ತವೆ. ಕುಸಿದ ಶಾಲೆ, ಬತ್ತಿದ ಬೋರ್‌ವೆಲ್, ಬಾರದ ಪರಿಹಾರ, ಯಾವುದೂ ಬೇರೆಲ್ಲೂ ದಾಖಲಾಗಿಲ್ಲ. ಸೆಂಟಿಮೀಟರ್ ಲೆಕ್ಕದಲ್ಲಿ ಸಂಭಾವನೆ ಪಡೆದು ಮರೆತ ಸುದ್ದಿಗಳೇ ಆ ಊರುಗಳ ಪಾಲಿಗೆ ಉಳಿದ ಕಾಗದ. ಸಿ.ಡಿ. ಓದುವ ಡ್ರೈವ್ ಕೆಡುವುದರೊಳಗೆ ಅವನ್ನು ಯುನಿಕೋಡ್‌ಗೆ ತಂದು, ಸಾದಾ ಪಠ್ಯವಾಗಿ ಎರಡು ಕಡೆ ಇಡೋಣ. ನಾವು ವಾರಕ್ಕೆ ಹತ್ತು ಫೈಲಿನಂತೆ ಶುರು ಮಾಡಿದ್ದೇವೆ. ಭಾನುವಾರ ಬೆಳಿಗ್ಗೆ ಕೆಲಸ. ಹತ್ತು ಮುಗಿಯುವವರೆಗೆ ಹುಡುಗಿಗೆ ಆ ಡೆಸ್ಕ್‌ಟಾಪ್ ಸಿಗುವುದಿಲ್ಲ. ಅವಳೀಗ ಮೂರನೇ ಹಂತದಲ್ಲಿದ್ದಾಳೆ, ಕಾಯುತ್ತಿದ್ದಾಳೆ.